ಆಸ್ಪತ್ರೆಯಿಂದ ಮನೆಗೆ ಎಷ್ಟು ದೂರ

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ, ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷ ತೀವ್ರವಾಗಿದ್ದವರಿಗೆ ಮನೋವಿಶ್ಲೇಷಕರು ಸೂಚಿಸುತ್ತಿದ್ದ ದಾರಿ ದೀರ್ಘ ಆಸ್ಪತ್ರೆವಾಸ. ಅಮೆರಿಕದ ಚೆಸ್ಟ್‌ನಟ್ ಲಾಡ್ಜ್, ಮೆನಿಂಜರ್ ಕ್ಲಿನಿಕ್, ಲಂಡನ್ನಿನ ಅಂಚಿನ ಹ್ಯಾಮ್‌ನಲ್ಲಿದ್ದ ಕ್ಯಾಸೆಲ್ ಆಸ್ಪತ್ರೆ ಇದಕ್ಕೆ ಹೆಸರಾದವು. ಇದರ ಹಿಂದೊಂದು ತರ್ಕವಿತ್ತು. ಕೈಬಿಟ್ಟಾರೆಂಬ ಭಯ, ಗಳಿಗೆಗೊಮ್ಮೆ ತಿರುಗುವ ಭಾವ, ತನ್ನ ಮೈಯನ್ನೇ ಗಾಯ ಮಾಡಿಕೊಳ್ಳುವ ಹಟ ಇರುವವರಿಗೆ ಸದಾ ಯಾರಾದರೂ ಎಚ್ಚರವಿರುವ ಮನೆಯೇ ಮದ್ದು ಎಂಬುದು ಆ ತರ್ಕ. ‘ಚಿಕಿತ್ಸಕ ಸಮುದಾಯ’ ಎಂಬ ಮಾತನ್ನು 1946ರಲ್ಲಿ ಬಳಕೆಗೆ ತಂದ ಟಾಮ್ ಮೇನ್ ಮುಂದೆ ಕ್ಯಾಸೆಲ್ಲನ್ನು ದಶಕಗಳ ಕಾಲ ನಡೆಸಿದರು. ಅಲ್ಲಿ ಅಡುಗೆ, ಕಸಗುಡಿಸುವುದು, ಜಗಳ, ರಾಜಿ ಎಲ್ಲವೂ ಚಿಕಿತ್ಸೆಯ ಭಾಗವೇ. ಆದರೆ ವಾಸ ದೀರ್ಘವಾದಷ್ಟೂ ಗುಣ ಹೆಚ್ಚು ಎಂಬುದನ್ನು ಆಗ ಯಾರೂ ಅಳೆದು ಸಾಬೀತುಪಡಿಸಿರಲಿಲ್ಲ. ಅಳೆದಾಗ ತಿಳಿದದ್ದು ಬೇರೆಯೇ: ಗುಣಪಡಿಸುವುದರಲ್ಲಿ ಕಟ್ಟಡಕ್ಕಿಂತ, ಕಟ್ಟಡ ಬಿಟ್ಟ ಮೇಲೂ ಹರಿಯದ ನಂಟಿನ ಪಾಲು ದೊಡ್ಡದು.

ಈ ಅಳತೆಯಲ್ಲಿ ಭೂಗೋಳವೂ ಕೈಜೋಡಿಸಿತು. ಕ್ಯಾಸೆಲ್‌ಗೆ ದೂರದ ಊರುಗಳಿಂದ ಬಂದವರು ಸುಮಾರು ಒಂದು ವರ್ಷ ಅಲ್ಲೇ ಇದ್ದು ಮನೆಗೆ ಹೋಗುತ್ತಿದ್ದರು. ಆಮೇಲೆ ಆಸ್ಪತ್ರೆಯ ನಂಟು ಮುಗಿಯುತ್ತಿತ್ತು. ಲಂಡನ್ ಸುತ್ತಮುತ್ತಲಿನವರಿಗೆ ಬೇರೆ ಕ್ರಮ: ಆರು ತಿಂಗಳ ವಾಸ, ನಂತರ ವರ್ಷದಿಂದ ಒಂದೂವರೆ ವರ್ಷದವರೆಗೆ ಹೊರರೋಗಿಯಾಗಿ ಗುಂಪು ಚಿಕಿತ್ಸೆ, ಜೊತೆಗೆ ಕೆಲವು ತಿಂಗಳು ನರ್ಸ್‌ಗಳ ಆಸರೆ. ಮಾರ್ಕೊ ಕೀಸಾ, ಪೀಟರ್ ಫೋನಗಿ ಮತ್ತು ಸಂಗಡಿಗರು ಈ ಎರಡು ಗುಂಪುಗಳನ್ನೂ ಸಾಮಾನ್ಯ ಮನೋವೈದ್ಯಕೀಯ ಆರೈಕೆ ಪಡೆದ ಮೂರನೆಯದನ್ನೂ, ಒಟ್ಟು 143 ಜನರನ್ನು, ಹೋಲಿಸಿ 2004ರಲ್ಲಿ ವರದಿ ಮಾಡಿದರು. ಅವರಲ್ಲಿ ಬಗೆಬಗೆಯ ವ್ಯಕ್ತಿತ್ವ ದೋಷಗಳಿದ್ದವರೂ ಇದ್ದರು. ಸ್ವಯಂಹಾನಿ, ಆತ್ಮಹತ್ಯಾ ಯತ್ನ, ಮರುದಾಖಲಾತಿಗಳಲ್ಲಿ ಅತಿ ಹೆಚ್ಚು ಸುಧಾರಿಸಿದ್ದು ಆರು ತಿಂಗಳಷ್ಟೇ ಒಳಗಿದ್ದ ಗುಂಪು. ಕೈಬಿಟ್ಟಾರೆಂಬ ಭಯವೇ ಕಾಯಿಲೆಯ ತಿರುಳಾಗಿರುವಾಗ, ವರ್ಷವಿಡೀ ಮಡಿಲಲ್ಲಿಟ್ಟುಕೊಂಡು ಒಂದು ದಿನ ಬಾಗಿಲು ಮುಚ್ಚಿದರೆ ಆ ಭಯವನ್ನು ನಿಜ ಮಾಡಿದಂತಾಗುವುದಿಲ್ಲವೇ?

ಇದು ಲಾಟರಿ ಎತ್ತಿ ಹಂಚಿದ ಪ್ರಯೋಗವಲ್ಲ, ದೂರದವರಿಗೂ ಹತ್ತಿರದವರಿಗೂ ಬೇರೆ ವ್ಯತ್ಯಾಸಗಳಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾಗಿ ಇತರ ಸಾಕ್ಷ್ಯವನ್ನೂ ನೋಡಬೇಕು. ಸಿಯಾಟಲ್‌ನಲ್ಲಿ ಮಾರ್ಷಾ ಲೈನಹನ್ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಹಿಳೆಯರು ಮನೆಯಲ್ಲಿದ್ದುಕೊಂಡೇ ಒಂದು ವರ್ಷ ಚಿಕಿತ್ಸೆ ಪಡೆದು ಸ್ವಯಂಹಾನಿಯನ್ನು ತಗ್ಗಿಸಿಕೊಂಡಿದ್ದರು. ಲಂಡನ್ನಿನ ಹ್ಯಾಲಿವಿಕ್ ಡೇ ಹಾಸ್ಪಿಟಲ್‌ನಲ್ಲಿ ಆಂಥನಿ ಬೇಟ್‌ಮನ್ ಮತ್ತು ಫೋನಗಿ, 1999ರಲ್ಲಿ ಪ್ರಕಟವಾದ 44 ಜನರ ಪ್ರಯೋಗದಲ್ಲಿ, ಹಗಲು ಬಂದು ರಾತ್ರಿ ಮನೆಗೆ ಮರಳುವ ಕ್ರಮವನ್ನು ಒಂದೂವರೆ ವರ್ಷದವರೆಗೆ ಪರೀಕ್ಷಿಸಿದರು. ಚಿಕಿತ್ಸೆ ಕೊಟ್ಟ ನರ್ಸ್‌ಗಳಿಗೆ ಮನೋಚಿಕಿತ್ಸೆಯ ಪದವಿಯಿರಲಿಲ್ಲ. ಅದರ ಮುಂದುವರಿಕೆಯಾಗಿ 2008ರಲ್ಲಿ ಪ್ರಕಟವಾದ ಎಂಟು ವರ್ಷಗಳ ಲೆಕ್ಕದಲ್ಲಿ ಆತ್ಮಹತ್ಯೆಗೆ ಯತ್ನಿಸಿದವರು ಹಗಲು ಬಂದು ಹೋಗುತ್ತಿದ್ದ ಗುಂಪಿನಲ್ಲಿ ಶೇ. 23, ಸಾಮಾನ್ಯ ಆರೈಕೆಯ ಗುಂಪಿನಲ್ಲಿ ಶೇ. 74.

ಇಲ್ಲಿ ಫಲ ಕೊಟ್ಟದ್ದು ಚಿಕಿತ್ಸೆಯ ವಿಧಾನವೇ ಹೊರತು ಸ್ಥಳವಲ್ಲ ಎಂದು ಯಾರಾದರೂ ಹೇಳಬಹುದು. ಆ ಮಾತು ನನ್ನ ವಾದಕ್ಕೆ ಎದುರಲ್ಲ, ಪೂರಕ. ನೆದರ್‌ಲ್ಯಾಂಡ್ಸ್‌ನಲ್ಲಿ 114 ಜನರಿಗೆ ಒಂದೇ ವಿಧಾನವನ್ನು ಕೆಲವರಿಗೆ ಡೇ ಹಾಸ್ಪಿಟಲ್‌ನಲ್ಲಿ, ಉಳಿದವರಿಗೆ ಹೊರರೋಗಿಗಳಾಗಿ ಕೊಟ್ಟ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಒಂದೂವರೆ ವರ್ಷದ ಕೊನೆಗೆ ಮುಖ್ಯ ಅಳತೆಯಲ್ಲಿ ಡೇ ಹಾಸ್ಪಿಟಲ್ಲಿನದು ಮೇಲುಗೈಯೆಂದು ಸಾಬೀತಾಗಲಿಲ್ಲ. ಎರಡೂ ಕಡೆ ಸಮನಾಗಿದ್ದದ್ದು ಸ್ಪಷ್ಟ ಚೌಕಟ್ಟು, ದೀರ್ಘ ಅವಧಿ ಮತ್ತು ನುರಿತ ಚಿಕಿತ್ಸಕರು.

ಹಾಗಾದರೆ ಇದೆಲ್ಲ ಆಸ್ಪತ್ರೆಯ ಹಾಸಿಗೆಗಳ ಕಡಿತಕ್ಕೆ ಹೊದಿಸಿದ ಶಾಸ್ತ್ರವೇ? ಆ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಕ್ಯಾಸೆಲ್‌ನಂಥದೇ ಚಿಕಿತ್ಸಕ ಸಮುದಾಯವಾಗಿದ್ದ ಸರ್ರೆಯ ಹೆಂಡರ್ಸನ್ ಆಸ್ಪತ್ರೆ 2008ರಲ್ಲಿ ಮುಚ್ಚಿತು. ಆದರೆ ಕ್ಯಾಸೆಲ್‌ನ ಅಂಕಿಗಳಿಂದ ಉಳಿತಾಯದ ಪಾಠವನ್ನಷ್ಟೇ ತೆಗೆಯುವವರು ಅರ್ಧ ಪುಟ ಓದಿ ಪುಸ್ತಕ ಮುಚ್ಚಿದವರು. ಅಲ್ಲಿ ಗೆದ್ದದ್ದು ಬರೀ ಆರು ತಿಂಗಳ ವಾಸವಲ್ಲ. ಅದರ ಹಿಂದೆಯೇ ಬಂದ ವರ್ಷ, ಒಂದೂವರೆ ವರ್ಷವೂ ಸೇರಿದ ಚಿಕಿತ್ಸೆ. ಆ ಅವಧಿಗೂ ಸಂಬಳದ ಜನ ಬೇಕು, ಕೋಣೆ ಬೇಕು, ಹಣ ಬೇಕು.