‘ಸ್ವೆಲ್’ ಮತ್ತು ನಮ್ಮ ಬಾವು

ಮಗುವಿನ ಕಾಲು ಉಳುಕಿದರೆ ನಮ್ಮ ಮನೆಗಳಲ್ಲಿ ಮೂರು ಭಾಷೆಗಳು ಏಳುತ್ತವೆ. ಊರಿನಿಂದ ಬಂದ ಹಿರಿಯರು ‘ಬಾತಿದೆ’ ಎನ್ನುತ್ತಾರೆ. ಡೊಂಬಿವಲಿಯ ಡಾಕ್ಟರರು ‘ಸೂಜ್ ಆಲಿ’ ಎನ್ನುತ್ತಾರೆ. ಮಗು ‘ಸ್ವೆಲ್ ಆಗಿದೆ’ ಎಂದು ಮುಗಿಸುತ್ತದೆ. ಈ ಮೂರನೆಯದೇ ಉಳಿದೆರಡನ್ನೂ ನುಂಗುತ್ತಿರುವುದರಿಂದ ಅದರ ಕುಲಗೋತ್ರವನ್ನು ವಿಚಾರಿಸಬೇಕಾಗಿದೆ.

‘ಸ್ವೆಲ್’ ಲ್ಯಾಟಿನ್ನಿನಿಂದ ತಂದ ಸಾಲವಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ಸ್ವೆಲ್ಲನ್’. ಜರ್ಮನ್ನಿನ ‘ಶ್ವೆಲ್ಲೆನ್’ ಅದರ ದಾಯಾದಿ. ಕಾಲು, ಕಡಲು, ಹೊಳೆ, ಎದೆ, ಜನಸಂಖ್ಯೆ ಎಲ್ಲಕ್ಕೂ ಇಂಗ್ಲಿಷರಿಗೆ ಈ ಒಂದೇ ಕ್ರಿಯಾಪದ ಸಾಕು. ಹತ್ತೊಂಬತ್ತನೆಯ ಶತಮಾನದಲ್ಲಿ ಠಾಕುಠೀಕಾಗಿ ಬಟ್ಟೆ ತೊಟ್ಟು ಮೆರೆಯುವವನನ್ನೂ ‘ಸ್ವೆಲ್’ ಎಂದೇ ಕರೆದರು. ನಮ್ಮಲ್ಲಿ ಅಂಥವನು ಬೀಗುತ್ತಾನೆ.

ಕನ್ನಡ ಹಾಗಲ್ಲ. ಪೂರಿ ಉಬ್ಬುತ್ತದೆ, ಅತ್ತ ಕಣ್ಣು ಊದುತ್ತದೆ, ಪೆಟ್ಟು ಬಿದ್ದ ಕಾಲು ಬಾಯುತ್ತದೆ, ಹೊಳೆ ಉಕ್ಕುತ್ತದೆ. 2019ರ ಜುಲೈ 27ರಂದು ಉಲ್ಹಾಸ್ ನದಿಯ ನೆರೆಯಲ್ಲಿ ವಾಂಗಣಿಯ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಕ್ಕಿಕೊಂಡು ಸಾವಿರದಷ್ಟು ಪ್ರಯಾಣಿಕರನ್ನು ಪಾರುಮಾಡಬೇಕಾಯಿತಲ್ಲ, ಆ ನದಿಯನ್ನು ‘ಬಾತ ನದಿ’ ಎಂದರೆ ಯಾರಾದರೂ ನಕ್ಕಾರು. ಠಾಣೆಯ ಖಾಡಿಗೆ ನೀರೇರುವುದು ಮರಾಠಿಗರಿಗೆ ‘ಭರತಿ’, ನಮಗೆ ‘ಉಬ್ಬರ’. ಹಳಗನ್ನಡದಲ್ಲಿ ‘ಉಬ್ಬು’ ಇದ್ದುದು ‘ಉರ್ಬು’ ಎಂದು. ‘ಪುರ್ಬು’ ಹುಬ್ಬಾದಂತೆಯೇ ಇದೂ ಆಯಿತು. ತೆಲುಗರದೂ ‘ಉಬ್ಬು’ವೇ.

ಇನ್ನು ನೆರೆಯವರ ‘ಸೂಜ್’. ಅದು ಉಬ್ಬುವುದೆಂಬ ಅರ್ಥದ ಸಂಸ್ಕೃತ ‘ಶ್ವಿ’ ಧಾತುವಿನ ಸಂತಾನ. ಆಯುರ್ವೇದದ ‘ಶೋಥ’ವೂ ಅದೇ ಮನೆತನದ್ದು. ಆ ಧಾತುವಿನಿಂದಲೇ ‘ಶೂನ’ ಎಂದರೆ ಊದಿಕೊಂಡದ್ದು. ಊದಿಕೊಂಡದ್ದು ಒಳಗೆ ಪೊಳ್ಳಲ್ಲವೆ? ಹೀಗೆ ‘ಶೂನ್ಯ’ ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ. ಪ್ರಾಕೃತದ ಮೂಲಕ ಅದು ನಮ್ಮ ‘ಸೊನ್ನೆ’ಯಾಯಿತು. ಡಾಕ್ಟರರ ಸೂಜ್‌ಗೂ ಮಗುವಿನ ಗಣಿತದ ಪುಸ್ತಕದ ಸೊನ್ನೆಗೂ ಇಂಥ ನಂಟು!

ನವಿ ಮುಂಬಯಿ, ಕಲ್ಯಾಣಗಳ ನಮ್ಮ ಮಕ್ಕಳಲ್ಲಿ ‘ಉಬ್ಬು’ ಪೂರಿಯ ಪುಣ್ಯದಿಂದ ಉಳಿದಿದೆ. ಹೋಗುತ್ತಿರುವುದು ‘ಬಾಯು’. ಫೋನಿನಲ್ಲಿ ಅಜ್ಜಿ ‘ಬಾವು ಇಳಿಯಿತೇನೋ?’ ಎಂದರೆ ಹುಡುಗ ತಾಯಿಯ ಮುಖ ನೋಡುತ್ತಾನೆ. ಬಾಯುತ್ತದೆ, ಬಾತಿತು, ಬಾವು ಎಂದು ರೂಪ ಬದಲಿಸುವ ಕ್ರಿಯಾಪದ ಕೇಳಿ ಕೇಳಿಯೇ ಬರಬೇಕು, ಪುಸ್ತಕದಿಂದ ಬಾರದು. ಮೇಲಾಗಿ ಆಟದ ಬಯಲಿನಲ್ಲಿ ‘ಬಾವು ಬಂದಿದೆ’ ಎಂದರೆ ಮರಾಠಿ ಗೆಳೆಯರು ಯಾರ ಅಣ್ಣ ಬಂದನೆಂದು ತಿರುಗಿ ನೋಡುತ್ತಾರೆ.