ಕುರಿಗೆ ಊರಿನ ಹೆಸರು, ಕಡತಕ್ಕೆ ಜಿಲ್ಲೆಯ ಹೆಸರು

ಮಳವಳ್ಳಿ ತಾಲ್ಲೂಕಿನ ಬಂಡೂರು ಸಣ್ಣ ಊರು. ಆದರೆ ಮಟನ್ ಅಂಗಡಿಯಲ್ಲಿ "ಬಂಡೂರು ಕುರಿ" ಅಂದ್ರೆ ಸಾಕು, ಬೆಲೆ ಯಾಕೆ ಜಾಸ್ತಿ ಅಂತ ಬಲ್ಲವರು ಕೇಳಲ್ಲ. ಗಿಡ್ಡ ಕಾಲು, ತುಂಬಿದ ಮೈ. ಹಿಂದಿನಿಂದ ನೋಡಿದ್ರೆ ತೊಡೆಗಳ ನಡುವೆ ತಲೆಕೆಳಗಾದ 'ಯು' ಆಕಾರ.

ಸರ್ಕಾರಿ ತಳಿ ಪಟ್ಟಿಯಲ್ಲಿ ಮಾತ್ರ ಇದರ ಹೆಸರು 'ಮಂಡ್ಯ'. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಅಲ್ಲೀವರೆಗೆ ಮಳವಳ್ಳಿ ಮೈಸೂರು ಜಿಲ್ಲೆಯದು. ಕೆಲವರು 'ಬನ್ನೂರು ಕುರಿ' ಅಂತಾರೆ. ಆ ಊರು ಈಗಲೂ ಮೈಸೂರು ಜಿಲ್ಲೆಯಲ್ಲೇ ಇದೆ. ಗಡಿ ಎಲ್ಲಿ ಅಂತ ಮಂದೆಗೆ ಏನು ಗೊತ್ತು!

ಇಂಥದ್ದೇ ಸಣ್ಣ ಊರು ನಾರ್ವೆಯಲ್ಲೂ ಒಂದಿದೆ. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿಗೆ ಅವರು ಫ್ಯೋರ್ಡ್ ಅಂತಾರೆ. ಸೋಗ್ನೆ ಫ್ಯೋರ್ಡ್ ದಡದ ವೀಕ್ ಅನ್ನೋ ಪುಟ್ಟ ಪುರಸಭೆಯಲ್ಲಿ ಗಮಲೋಸ್ಟ್ ಎಂಬ ಹಳೇ ಕಾಲದ ಚೀಸು ಮಾಡ್ತಾರೆ. ಅಲ್ಲಿ ಚೀಸಿನ ಜೊತೆ ವೀಕ್ ಎಂಬ ಹೆಸರಿಗೂ ಕಾನೂನಿನ ರಕ್ಷಣೆ ಇದೆ. ನಮ್ಮ ಪಟ್ಟಿ ಬರೆದವರಿಗೆ ಬಂಡೂರು ತೀರಾ ಚಿಕ್ಕದಾಯ್ತೇನೋ.

ಹೆಸರಿಗಿಂತ ದೊಡ್ಡ ಪೆಟ್ಟು ಮೇವಿಗೆ ಬಿತ್ತು ಅಂತ ನನ್ನ ಅನಿಸಿಕೆ. 1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ಇರ್ವಿನ್ ನಾಲೆ, ಅಂದ್ರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ ಸೀಮೆಗೆ ಹರಿದ ಮೇಲೆ ಭತ್ತ, ಕಬ್ಬು ಹಬ್ಬಿದವು. ಅನ್ನ ಕೊಟ್ಟ ನೀರು, ತೆಗಳೋ ಹಾಗಿಲ್ಲ. ಆದರೆ ಬೀಳುಭೂಮಿ ಕಮ್ಮಿಯಾದಂಗೆ ಮೇಯೋ ಜಾಗವೂ ಹೋಯ್ತು. ಮಂದೆ ಸಣ್ಣದಾಯ್ತು, ಬೇರೆ ತಳಿಯ ಟಗರು ಬೆರೆಯಿತು. ಈಗ ಸಂತೆಯಲ್ಲಿ ಬಂಡೂರು ಅಂತ ಹೇಳಿ ಮಾರೋ ಕುರಿಯ ಹಿಂದೆ ನಿಂತು ನೋಡಿ, ಎಷ್ಟೋ ಸಲ ಆ 'ಯು' ಇರೋದೇ ಇಲ್ಲ.