ಮ್ಯಾಂಟಲ್

ಗ್ಯಾಸ್‌ಲೈಟ್ ಕಂಡವರಿಗೆ ಮ್ಯಾಂಟಲ್ ಅಂದರೆ ಬರ್ನರಿಗೆ ದಾರದಿಂದ ಬಿಗಿಯುವ ಬಿಳಿ ಬಲೆಚೀಲ. ಮೊದಲ ಸಲ ಹೊತ್ತಿಸಿದಾಗ ನೂಲೆಲ್ಲ ಕರಕಲಾಗಿ, ಮುದುಡಿ, ಕೊನೆಗೆ ಬೆಳ್ಳಗಿನ ಬೂದಿಯ ಗೂಡು ಉಳಿಯುತ್ತದೆ. ಬೆಳಕು ಕೊಡುವುದು ಆ ಬೂದಿಯೇ. ಬೆರಳು ತಾಗಿದರೆ, ದೊಡ್ಡದೊಂದು ಹುಳ ಬಂದು ಬಡಿದರೆ ಸಾಕು, ಉದುರಿಹೋಗುತ್ತದೆ.

ಅದರಲ್ಲಿ ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡ್, ಒಂದೇ ಪಾಲು ಸೀರಿಯಂ ಆಕ್ಸೈಡ್. ಆಸ್ಟ್ರಿಯಾದ ರಸಾಯನಜ್ಞ ವೆಲ್ಸ್‌ಬಾಖ್ 1891ರ ಹೊತ್ತಿಗೆ ಕಂಡುಕೊಂಡ ಹದ ಇದು. ಆ ಒಂದು ಪಾಲು ಇಲ್ಲದಿದ್ದರೆ ಉಳಿದದ್ದು ಎಷ್ಟು ಕಾದರೂ ಮಂಕು. ಸೀರಿಯಂಗೆ ಕಬ್ಬಿಣ ಬೆರೆಸಿ ಲೈಟರಿನ ಕಿಡಿಕಲ್ಲು ಮಾಡಿದವರೂ ಅವರೇ.

ಭೂಗೋಳದ ಪಾಠದಲ್ಲೂ ಒಂದು ಮ್ಯಾಂಟಲ್ ಇದೆ: ಭೂಕವಚದ ಕೆಳಗಿನ ದಪ್ಪ ಪದರ. ಎರಡೂ ಇಂಗ್ಲಿಷಿನಲ್ಲಿ ಮೇಲುಹೊದಿಕೆಗೆ ಇರುವ ಒಂದೇ ಮಾತಿನಿಂದ ಬಂದವು. ಇವೆರಡರ ನಂಟು ತಿಳಿಯಬೇಕಾದರೆ ತಮಿಳುನಾಡಿನ ಧರ್ಮಪುರಿ, ಸೇಲಂ ಕಡೆಗೆ ಹೋಗಬೇಕು. ಕನ್ನಡದ ಹೊಗೆ, ಕಲ್ಲುಗಳನ್ನು ಹೆಸರಲ್ಲೇ ಹೊತ್ತ ಹೊಗೇನಕಲ್ ಜಲಪಾತದ ಸುತ್ತಮುತ್ತ ಕಾರ್ಬೊನಟೈಟ್ ಎಂಬ ಶಿಲೆ ಇದೆ. ನೋಡಲು ಸುಣ್ಣಕಲ್ಲಿನಂತೆ, ಹುಟ್ಟು ಮಾತ್ರ ಮ್ಯಾಂಟಲ್‌ನಿಂದ ಮೇಲೆದ್ದ ಶಿಲಾಪಾಕದಲ್ಲಿ. ವಯಸ್ಸು ಸುಮಾರು 240 ಕೋಟಿ ವರ್ಷ. ಜಗತ್ತಿನ ಅತಿ ಹಳೆಯ ಕಾರ್ಬೊನಟೈಟ್‌ಗಳಲ್ಲಿ ಇದೂ ಒಂದು. ಸೇಲಂ ಜಿಲ್ಲೆಯ ಪಕ್ಕನಾಡಿನಲ್ಲಿ ಇದೇ ಜಾತಿಯ ಶಿಲೆಯಿದೆ, ಅದು ಇದಕ್ಕಿಂತ ಬಹಳ ಎಳೆಯದು. ಅದರೊಳಗೆ ಮೊನಜೈಟ್ ಎಂಬ ಖನಿಜ ಇದೆ, ಅಂದರೆ ದೀಪದ ಮ್ಯಾಂಟಲ್‌ಗೆ ಬೇಕಾದ ಸೀರಿಯಂ ಇದೆ.

ನಮ್ಮ ದೇಶದ ಮೊನಜೈಟಿಗೆ ಹೆಸರು ತಂದದ್ದು ಮಾತ್ರ ಈ ಶಿಲೆಗಳಲ್ಲ, ತಿರುವಾಂಕೂರಿನ ಕಡಲ ಮರಳು. 1909ರಲ್ಲಿ ಜರ್ಮನಿಯ ರಸಾಯನಜ್ಞ ಷೋಂಬರ್ಗ್ ಅಲ್ಲಿನ ಮಣವಾಳಕುರಿಚಿಯ ಮರಳಲ್ಲಿ ಅದನ್ನು ಗುರುತಿಸಿದರು. ಮರಳಿನಿಂದ ಅದನ್ನು ಅದರ ಭಾರ, ಕಾಂತಗುಣಗಳ ನೆರವಿನಿಂದ ಬೇರ್ಪಡಿಸಬಹುದು. ಬಂಡೆಯನ್ನಾದರೆ ಒಡೆದು ಅರೆಯಬೇಕು.

ಸೀರಿಯಂ ಜಾತಿಯ ಲೋಹಗಳನ್ನು ‘ಅಪರೂಪದವು’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ನೆಲದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಕಷ್ಟವಿರುವುದು ಒಂದೇ ಗುಣದ ಅಣ್ಣತಮ್ಮಂದಿರಿಂದ ಅದನ್ನು ಬಿಡಿಸುವುದರಲ್ಲಿ. ಇವತ್ತು ಕನ್ನಡಕದ ಗಾಜಿಗೆ ಹೊಳಪು ಕೊಡುವ ಪುಡಿ ಅದರ ಆಕ್ಸೈಡೇ; ವಾಹನದ ಹೊಗೆಕೊಳವೆಯಲ್ಲಿ ಕುಳಿತು, ಆಮ್ಲಜನಕವನ್ನು ಹಿಡಿದು, ಬಿಟ್ಟು, ವಿಷಾನಿಲ ತಗ್ಗಿಸಲು ನೆರವಾಗುವುದೂ ಅದೇ. ದೀಪದ ಮ್ಯಾಂಟಲ್‌ಗೆ, ವಿಕಿರಣದ ಅಂಜಿಕೆಯಿಂದ, ಥೋರಿಯಂ ಬದಲು ಯಿಟ್ರಿಯಂ ಬಂದಿದೆ.

ಹೊಗೇನಕಲ್ಲಿಗೆ ಶಾಲಾಮಕ್ಕಳನ್ನು ಕರೆತರುವ ಮೇಷ್ಟ್ರುಗಳು ಹರಿಗೋಲು ಹತ್ತಿಸುವ ಮೊದಲು ಈ ಶಿಲೆಯ ಸಂಗತಿಯನ್ನೂ ಹೇಳಬೇಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ‘ಮ್ಯಾಂಟಲ್’ ಅಲ್ಲಿ ಮುಟ್ಟಿ ನೋಡುವಷ್ಟು ಹತ್ತಿರವಿದೆ.